ಶುಕ್ರವಾರ ರಾತ್ರಿ ಬರುವ ಅಪ್ಪ

ತಮ್ಮಾ,

ನಿನ್ನ ಪತ್ರ ಬಂತು. ಹುಬ್ಬಳ್ಳಿಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳು, ಹೆಂಡತಿಗೆ ಈಗ ಐದು ತಿಂಗಳು, ಕೆಲಸವೆಂದರೆ ತಿಂಗಳಲ್ಲಿ ಹತ್ತು ಹನ್ನೆರಡು ದಿನ ಊರೂರು ಸುತ್ತುವುದು. ಮಗು ಹುಟ್ಟಿದ ಮೇಲೆ ಇದು ನಡೆಯುತ್ತದೆಯೇ, ಅಮ್ಮನನ್ನು ಯಾವಾಗ ಕರೆಸಲಿ, ಬೇರೆ ಕೆಲಸ ನೋಡಿಕೊಳ್ಳುವುದೇ ವಾಸಿಯೇ ಎಂದು ಕೇಳಿದ್ದೀಯ. ಅಣ್ಣ ಎಂದು ಕರೆದಿರುವುದರಿಂದ ನಾನೂ ‘ನೀನು’ ಎಂದೇ ಬರೆಯುತ್ತೇನೆ.

ನಡೆಯುತ್ತದೆ. ನಮ್ಮ ಮನೆಯಲ್ಲೂ ನಡೆದಿದೆ. ನಾನು ನಡೆಸಿದ ಹಾಗೆ ಮಾತ್ರ ನಡೆಸಬೇಡ.

ನಾನು ಶಿವಮೊಗ್ಗದಿಂದ ಇಲ್ಲಿಗೆ ಬಂದದ್ದು 2009ರಲ್ಲಿ. ಪ್ಯಾಕಿಂಗ್ ಯಂತ್ರಗಳನ್ನು ಗಿರಾಕಿಗಳ ಕಾರ್ಖಾನೆಯಲ್ಲಿ ಕೂರಿಸಿ, ಚಾಲೂ ಮಾಡಿಕೊಟ್ಟು ಬರುವುದು ನನ್ನ ಕಸುಬು. ಒಂದು ವಾರ ಪೋಲೆಂಡಿನ ಪೊಜ್ನಾನ್, ಇನ್ನೊಂದು ವಾರ ಇಟಲಿಯ ಬೊಲೊನ್ಯಾ, ನಡುವೆ ಟರ್ಕಿಯ ಬುರ್ಸಾ. ಮಗಳು ಹುಟ್ಟಿದ್ದು 2016ರಲ್ಲಿ. ಅವಳ ಮೊದಲ ವರ್ಷದ ಅರ್ಧದಷ್ಟು ರಾತ್ರಿಗಳನ್ನು ನಾನು ಹೋಟೆಲುಗಳಲ್ಲಿ ಕಳೆದೆ. ಅದರ ಕಷ್ಟವನ್ನು ಬಹಳ ಜನರ ಮುಂದೆ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಹೊರಗಿದ್ದವನಿಗೆ ಅಂಥ ಕಷ್ಟವೇನೂ ಇರಲಿಲ್ಲ. ಬೆಳಗ್ಗೆ ಬಿಸಿ ಕಾಫಿ, ರಾತ್ರಿ ಎಂಟು ಗಂಟೆ ನಿದ್ದೆ. ಈಗಿನ ಲೆಕ್ಕಕ್ಕೆ ಜರ್ಮನಿಯೊಳಗೇ ಪೂರ್ತಿ ದಿನ ಹೊರಗಿದ್ದರೆ 28 ಯೂರೊ, ಹೋಗುವ ಮತ್ತು ಬರುವ ದಿನಕ್ಕೆ 14 ಯೂರೊ ಭತ್ಯೆ, ಅದಕ್ಕೆ ತೆರಿಗೆಯೂ ಇಲ್ಲ. ಶುಕ್ರವಾರ ಮುಗಿಯುವ ಕೆಲಸವನ್ನು ಶನಿವಾರಕ್ಕೆ ಎಳೆದವರನ್ನು ನೋಡಿದ್ದೇನೆ. ಒಮ್ಮೆ ನಾನೂ ಎಳೆದಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.

ನನ್ನ ತಪ್ಪು ಗೊತ್ತಾದದ್ದು ಮಗಳಿಗೆ ಏಳು ತಿಂಗಳಾದಾಗ. ಸೋಮವಾರ ನಸುಕಿನಲ್ಲಿ ಹೊರಟರೆ ಶುಕ್ರವಾರ ರಾತ್ರಿ ಒಂಬತ್ತರ ಸುಮಾರಿಗೆ ಮನೆ. ಬಂದವನೇ ಮಗುವನ್ನು ಎತ್ತಿಕೊಳ್ಳಬೇಕು. ಮಲಗಿದ್ದರೂ ಎತ್ತಿಕೊಳ್ಳಬೇಕು, ಐದು ದಿನದಿಂದ ಮುಖ ನೋಡಿಲ್ಲವಲ್ಲ! ಅವಳು ಎದ್ದು ಅಳುವಳು. ನಾನು ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ತಿರುಗಾಡುತ್ತ ಮಲಗಿಸುವೆ. ಶನಿವಾರ, ಭಾನುವಾರವೂ ಅದೇ ಮೆರವಣಿಗೆ. ಎಷ್ಟು ಬೇಗ ನಿದ್ದೆ ಹತ್ತಿಸುತ್ತೇನೆ ನೋಡು ಎಂದು ಜಂಬವನ್ನೂ ಕೊಚ್ಚಿಕೊಂಡೆ. ನನ್ನವಳು ಏನೂ ಅನ್ನಲಿಲ್ಲ.

ಒಂದು ಶುಕ್ರವಾರ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮುಂದೆ ಕರೆದು ನಿಲ್ಲಿಸಿದಳು. ಮಗು ರಾತ್ರಿ ಎಷ್ಟು ಸಲ ಎದ್ದಿತೆಂದು ಪ್ರತಿ ದಿನದ ಚೌಕದಲ್ಲಿ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದಳು. ಸೋಮವಾರ ಆರು. ಮಂಗಳವಾರ ಐದು. ಬುಧವಾರ ಮೂರು. ಗುರುವಾರ ಎರಡು. ಮುಂದಿನ ಸೋಮವಾರ ಮತ್ತೆ ಆರು. ನಾಲ್ಕು ವಾರವೂ ಇದೇ ಲೆಕ್ಕ. ಹೆಗಲ ಚಟ ಬಿಡಿಸಿ, ತೊಟ್ಟಿಲಲ್ಲೇ ತಟ್ಟಿ ಮಲಗಿಸುವ ರೂಢಿಯನ್ನು ಅವಳು ಗುರುವಾರದ ಹೊತ್ತಿಗೆ ಒಂದು ಹದಕ್ಕೆ ತರುತ್ತಿದ್ದಳು. ನಾನು ಶುಕ್ರವಾರ ಬಂದು ಕೆಡಿಸುತ್ತಿದ್ದೆ. ಶನಿವಾರ, ಭಾನುವಾರದ ಚೌಕಗಳು ಖಾಲಿ ಇದ್ದವು. ಇಲ್ಲೇಕೆ ಗೀಟಿಲ್ಲ ಎಂದು ಕೇಳಿದೆ. “ಆ ಎರಡು ದಿನ ನೀವು ಮನೆಯಲ್ಲಿರುತ್ತೀರಲ್ಲ, ನಿಮಗೇ ಗೊತ್ತಿರಬೇಕು” ಎಂದಳು.

ನನಗೆ ಗೊತ್ತಿರಲಿಲ್ಲ. ನಾನು ಮಲಗಿದ್ದೆ.

ನಮ್ಮ ಕಸುಬಿನಲ್ಲಿ ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವ ಒಂದು ಮಾತಿದೆ: ಓಡುತ್ತಿರುವ ಯಂತ್ರದ ಮುಂದೆ ಹೋಗಿ ನಿಂತರೆ, ಹಿಂದಿನ ಪಾಳಿಯವನು ಬರೆದಿಟ್ಟ ಪುಸ್ತಕ ಓದದೆ ಒಂದು ಗುಂಡಿಯನ್ನೂ ಮುಟ್ಟಬೇಡ. ಊರಿಗೆಲ್ಲ ಇದನ್ನು ಕಲಿಸುತ್ತಿದ್ದವನು ಮನೆಗೆ ಬಂದು ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತಿದ್ದೆ. ಆ ವಾರವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟೆವು. ಮನೆಯಲ್ಲಿರುವವರು ಬರೆಯಬೇಕು, ಬರುವವರು ಓದಬೇಕು. ಅವಳು ಪುಟದ ಫೋಟೊ ಕಳಿಸುತ್ತಿದ್ದಳು, ನಾನು ವಿಮಾನ ನಿಲ್ದಾಣದಿಂದ ಮನೆಗೆ ಬರುವ ಎಸ್-ಬಾನ್ ರೈಲಿನಲ್ಲಿ ಓದುತ್ತಿದ್ದೆ. “ಬುಧವಾರ: ರಾಗಿ ಸರಿ ನಾಲ್ಕು ಚಮಚ, ಐದನೆಯದು ನನ್ನ ಸೀರೆಗೆ. ಕೆಳಗಿನ ಎಡಗಡೆ ಹಲ್ಲು ಕಾಣುತ್ತಿದೆ. ನೀಲಿ ಟೋಪಿ ಎಲ್ಲೋ ಬಿದ್ದುಹೋಯಿತು. ಮಧ್ಯಾಹ್ನ ಎರಡಕ್ಕೆ ಮಲಗಿಸಿದರೆ ಮಾತ್ರ ರಾತ್ರಿ ಸುಖ.” ಮನೆ ಬಾಗಿಲು ತೆರೆಯುವ ಹೊತ್ತಿಗೆ ಯಾವ ಮನೆಗೆ ಬರುತ್ತಿದ್ದೇನೆಂದು ನನಗೆ ತಿಳಿದಿರುತ್ತಿತ್ತು. ಭಾನುವಾರದ ಪುಟ ನಾನು ಬರೆಯಬೇಕೆಂದು ಅವಳು ಷರತ್ತು ಹಾಕಿದಳು. ಬರೆಯಬೇಕೆಂದರೆ ರಾತ್ರಿ ಏಳಬೇಕಾಗುತ್ತದೆ ಎಂಬುದು ಆಮೇಲೆ ಹೊಳೆಯಿತು.

ಇನ್ನೊಂದು. ಮಗುವಿನ ಒಂದು ಕೆಲಸ ಪೂರ್ತಿ ನಿನ್ನದಾಗಿರಲಿ. ಸಹಾಯ ಮಾಡುತ್ತೇನೆ ಎಂಬ ಮಾತು ಬೇಡ, ಅದನ್ನು ಅವಳು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳಬಾರದು. ನಾನು ಆರಿಸಿಕೊಂಡದ್ದು ಮಕ್ಕಳ ವೈದ್ಯರ ತಪಾಸಣೆ. ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹಳದಿ ಬಣ್ಣದ ಒಂದು ಪುಸ್ತಕ ಕೊಡುತ್ತಾರೆ. ಯು3 ಎಂಬ ತಪಾಸಣೆ ನಾಲ್ಕನೆಯ ಅಥವಾ ಐದನೆಯ ವಾರ, ಯು4 ಮೂರು–ನಾಲ್ಕು ತಿಂಗಳಿಗೆ, ಯು5 ಆರು–ಏಳಕ್ಕೆ, ಯು6 ಹತ್ತರಿಂದ ಹನ್ನೆರಡರೊಳಗೆ. ಯಾವಾಗ ಬರುತ್ತವೆಂದು ಮೊದಲೇ ಗೊತ್ತಿರುವುದರಿಂದ ಪ್ರಯಾಣವನ್ನು ಅವುಗಳ ಸುತ್ತ ಹೊಂದಿಸಿಕೊಳ್ಳಬಹುದು. ಗಿರಾಕಿಗೆ ‘ಆ ದಿನ ಆಗುವುದಿಲ್ಲ’ ಎಂದು ಎರಡು ತಿಂಗಳು ಮೊದಲೇ ಹೇಳಿದರೆ ಈ ದೇಶದಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಹಿಂದಿನ ದಿನ ಹೇಳಿದರೆ ಮಾತು ಬೇರೆ.

ಈಗ ರಜೆಯ ವಿಷಯ; ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನಿನ್ನ ಹೆಂಡತಿ ಸದ್ಯ ಕೆಲಸ ಹುಡುಕುತ್ತಿಲ್ಲ ಎಂದು ಬರೆದಿದ್ದೀಯ, ಹಾಗಾದರೂ ನಿನ್ನ ಹಕ್ಕು ನಿನಗಿದೆ. ಎಲ್ಟರ್ನ್‌ಟ್ಸೈಟ್ ಎಂಬ ಪಾಲಕರ ರಜೆ ತಾಯಿಗೂ ತಂದೆಗೂ ಬೇರೆ ಬೇರೆಯಾಗಿ ಮೂರು ವರ್ಷದವರೆಗೆ ಸಿಗುತ್ತದೆ. ಆ ಕಾಲದಲ್ಲಿ ಸರ್ಕಾರ ಕೊಡುವ ದುಡ್ಡು, ಎಲ್ಟರ್ನ್‌ಗೆಲ್ಡ್, ಕೈಗೆ ಬರುತ್ತಿದ್ದ ಸಂಬಳದ ಸುಮಾರು 65 ಪ್ರತಿಶತ. ಆದರೆ ತಿಂಗಳಿಗೆ 1800 ಯೂರೊ ದಾಟುವುದಿಲ್ಲ. ಇಬ್ಬರೂ ಪಾಲು ತೆಗೆದುಕೊಂಡರೆ ಒಟ್ಟು 14 ತಿಂಗಳು. ತಿಂಗಳೆಂದರೆ ಇಲ್ಲಿ ಮಗು ಹುಟ್ಟಿದ ತಾರೀಖಿನಿಂದ ಎಣಿಸುವ ತಿಂಗಳು. ಹದಿನೇಳಕ್ಕೆ ಹುಟ್ಟಿದ ಮಗುವಿಗೆ ಒಂದನೆಯ ತಾರೀಖಿನಿಂದ ರಜೆ ಹಾಕಿ ದುಡ್ಡು ಕಳೆದುಕೊಂಡವರನ್ನು ಬಲ್ಲೆ.

ಕಂಪನಿಗೆ ಏಳು ವಾರ ಮೊದಲು ತಿಳಿಸಬೇಕು. ನೀನಿನ್ನೂ ಪ್ರೊಬೇಷನ್‌ನಲ್ಲಿರುವುದರಿಂದ ಇದನ್ನು ಎರಡು ಸಲ ಓದು: ರಜೆ ಕೇಳಿದವನನ್ನು ಕೆಲಸದಿಂದ ತೆಗೆಯದಂತೆ ಕಾನೂನು ಕೊಡುವ ರಕ್ಷೆ, ರಜೆ ಶುರುವಾಗುವ ಎಂಟು ವಾರಕ್ಕಿಂತ ಹಿಂದೆ ಹೋಗುವುದಿಲ್ಲ. ಉತ್ಸಾಹದಲ್ಲಿ ಮೂರು ತಿಂಗಳ ಮೊದಲೇ ಕಾಗದ ಕೊಟ್ಟರೆ ನಡುವೆ ನೀನು ಬಯಲಲ್ಲಿ ನಿಂತಂತೆ. ಎಂಟನೆಯ ವಾರಕ್ಕೂ ಏಳನೆಯ ವಾರಕ್ಕೂ ನಡುವಿನ ಆ ಕೆಲವು ದಿನಗಳಲ್ಲಿ ಕೊಡು.

ಇನ್ನು ಆ ರಜೆಯನ್ನು ಯಾವಾಗ ತೆಗೆದುಕೊಳ್ಳಬೇಕು? ನಾನು ನನ್ನ ಎರಡು ತಿಂಗಳನ್ನು ಅವಳ ಜೊತೆಜೊತೆಗೇ ತೆಗೆದುಕೊಂಡು ಊರಿಗೆ ಹೋದೆ. ಅಲ್ಲಿ ಅಜ್ಜಿಯಂದಿರು, ಅತ್ತೆಯಂದಿರು, ಚಿಕ್ಕಮ್ಮಂದಿರು. ಮಗು ನನ್ನ ಕೈಗೆ ಬಂದದ್ದು ಫೋಟೊ ತೆಗೆಯುವಾಗ ಮಾತ್ರ. ಅಷ್ಟು ರಜೆಯಲ್ಲಿ ಒಂದು ದಿನವೂ ನಾನೊಬ್ಬನೇ ಮಗುವನ್ನು ನೋಡಿಕೊಂಡದ್ದಿಲ್ಲ. 2024ರ ಏಪ್ರಿಲ್‌ನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ನಿಯಮವೇ ಬಿಗಿಯಾಗಿದೆ: ಇಬ್ಬರೂ ಒಟ್ಟಿಗೆ ಎಲ್ಟರ್ನ್‌ಗೆಲ್ಡ್ ಪಡೆಯುವುದು, ಅವಳಿಜವಳಿಯಂಥ ಸಂದರ್ಭ ಬಿಟ್ಟರೆ, ಒಂದೇ ತಿಂಗಳು. ಹಲವರು ಗೊಣಗುತ್ತಾರೆ, ನನಗೆ ಸರಿಯೆನ್ನಿಸುತ್ತದೆ. ಒಂದು ತಿಂಗಳು ಹೆರಿಗೆಯ ಹೊತ್ತಿಗೆ ಇಟ್ಟುಕೋ. ಇನ್ನೊಂದನ್ನು ಮಗುವನ್ನು ಕೀಟಾಕ್ಕೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರಿಸುವ ಕಾಲಕ್ಕೆ ಕಾದಿರಿಸು. ಮೊದಲ ಹುಟ್ಟುಹಬ್ಬದಿಂದ ಅಲ್ಲಿ ಜಾಗ ಪಡೆಯುವುದು 2013ರಿಂದ ಮಗುವಿನ ಕಾನೂನುಬದ್ಧ ಹಕ್ಕು. ಕಾಗದದ ಮೇಲಿನ ಹಕ್ಕು ಬೇರೆ, ಖಾಲಿ ಜಾಗ ಬೇರೆ. ಹೆರಿಗೆಗೂ ಮೊದಲೇ ಹೆಸರು ಬರೆಸು. ಸೇರಿಸಿದ ಮೇಲೂ ಮೊದಲ ವಾರಗಳಲ್ಲಿ ತಂದೆಯೋ ತಾಯಿಯೋ ಅಲ್ಲೇ ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂತಿರಬೇಕು; ಹತ್ತು ನಿಮಿಷ ಹೊರಗೆ ಹೋಗಿ ಬರುವುದು, ಆಮೇಲೆ ಅರ್ಧ ಗಂಟೆ. ಆ ಕುರ್ಚಿಯಲ್ಲಿ ನೀನು ಕೂತುಕೋ.

ಅಮ್ಮನ ವಿಷಯ. ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ನಾವು ಆ ತೊಂಬತ್ತನ್ನೂ ಬಾಣಂತನಕ್ಕೇ ಸುರಿದೆವು. ಅಮ್ಮನನ್ನು, ಅತ್ತೆಯವರನ್ನು ಒಟ್ಟಿಗೇ ಕರೆಸಿದೆವು. ಎರಡು ಕೋಣೆಯ ಮನೆ, ಇಬ್ಬರು ಬೀಗಿತ್ತಿಯರು, ಒಂದು ಒಲೆ. ಮುಂದಿನದನ್ನು ಬರೆಯುವುದಿಲ್ಲ, ನಿನಗೂ ಇಬ್ಬರು ಅಮ್ಮಂದಿರಿದ್ದಾರೆ. ಮೊದಲ ವಾರಗಳಲ್ಲಿ ಇಲ್ಲಿ ಹೇಗೂ ಹೆಬಾಮೆ ಇರುತ್ತಾಳೆ. ನಮ್ಮ ಸೂಲಗಿತ್ತಿಯ ಹಾಗೆಯೇ, ಓದಿ ಪಾಸಾದವಳು. ಮೊದಲ ಹತ್ತು ದಿನ ಬೇಕಾದರೆ ದಿನಾ ಮನೆಗೆ ಬಂದು ಬಾಣಂತಿಯನ್ನೂ ಕೂಸನ್ನೂ ನೋಡುತ್ತಾಳೆ, ಖರ್ಚು ವಿಮೆಯದ್ದು. ಕೈ ಬೇಕಾಗುವುದು ಆಮೇಲೆ. ಎಲ್ಲರೂ ಹೋದ ಮೇಲೆ, ನೀನು ಮತ್ತೆ ಸೂಟ್‌ಕೇಸ್ ಹಿಡಿದ ಮೇಲೆ, ಹಗಲು ನಾಲ್ಕೂವರೆಗೇ ಕತ್ತಲಾಗುವ ನವೆಂಬರಿನಲ್ಲಿ. ಬಾಣಂತನಕ್ಕೆ ಅವಳ ಅಮ್ಮ ಬರಲಿ. ಎಣ್ಣೆ ನೀರು ಅವರ ಕೈಯಲ್ಲೇ ಆಗಲಿ. ನಿನ್ನ ಅಮ್ಮನ ತೊಂಬತ್ತು ದಿನಗಳನ್ನು ನಿನ್ನ ಪ್ರಯಾಣಗಳು ದಟ್ಟವಾಗಿರುವ ತಿಂಗಳುಗಳಿಗೆ ಉಳಿಸಿಕೋ. ಅಮ್ಮನಿಗೆ ಮೊದಲು ಬೇಸರವಾದೀತು, ಮೊಮ್ಮಗು ನಗುವ ವಯಸ್ಸಿಗೆ ಬಂದರೆ ಮರೆಯುತ್ತಾರೆ. ಅಂಟಿನುಂಡೆಗೆಂದು ತುಪ್ಪ ಹೊತ್ತು ತರುವುದು ಬೇಡ ಎಂದು ಮೊದಲೇ ಹೇಳು, ಹಾಲಿನ ಪದಾರ್ಥಗಳನ್ನು ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ. ಇಲ್ಲಿನ ಬೆಣ್ಣೆ ಒಳ್ಳೆಯದು, ಮನೆಯಲ್ಲೇ ಕಾಯಿಸಿದರಾಯಿತು. ರಾಗಿ ಹಿಟ್ಟು ಬರಲಿ.

ಅಮ್ಮಂದಿರಿಗಿಂತ ಹೆಚ್ಚಾಗಿ ನಿನಗೆ ಬೇಕಾದವರು ಮೇಲಿನ ಮಹಡಿಯವರು. ಈ ಸೀಮೆಯ ಕೇರ್‌ವೋಖೆ ನಿನಗೆ ಈಗಾಗಲೇ ಪರಿಚಯವಾಗಿರಬೇಕು: ಬಾಗಿಲಿಗೆ ಹಲಗೆ ತೂಗುಬಿದ್ದ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿನ್ನದು. ನಾನು ಊರಲ್ಲಿಲ್ಲದ ವಾರ ಹಲಗೆ ಬಂದರೆ ನನ್ನವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗುಡಿಸುತ್ತಿದ್ದಳು. ಮೇಲಿನ ಮನೆಯ ಅಜ್ಜಿ ಮಾತ್ರ ಮೂಲೆಯಲ್ಲಿ ಧೂಳು ಉಳಿದಿದೆ ಎಂದು ಚೀಟಿ ಅಂಟಿಸುತ್ತಿದ್ದರು. ನಾನು ಬುರ್ಸಾದಲ್ಲಿದ್ದ ಒಂದು ರಾತ್ರಿ ಮಗಳಿಗೆ ಜ್ವರ 39.5 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ನನ್ನವಳು ನನಗೆ ಫೋನ್ ಮಾಡಿದಳು. ಅಲ್ಲಿಂದ ನಾನು ಮಾಡಲು ಸಾಧ್ಯವಿದ್ದದ್ದು ಗಾಬರಿಯಾಗುವುದೊಂದೇ. ಅವಳು ಫೋನ್ ಇಟ್ಟು ಮಹಡಿ ಹತ್ತಿ ಆ ಅಜ್ಜಿಯ ಬಾಗಿಲು ತಟ್ಟಿದಳು. ಅವರು ರಾತ್ರಿಯ ಉಡುಪಿನಲ್ಲೇ ಇಳಿದು ಬಂದು, ಕ್ಲಿನಿಕ್ ಮುಚ್ಚಿದ ಹೊತ್ತಿನ ವೈದ್ಯರ ಫೋನ್ ಸಂಖ್ಯೆ 116117ಕ್ಕೆ ತಾವೇ ಜರ್ಮನ್‌ನಲ್ಲಿ ಮಾತಾಡಿ, ಬೆಳಗಿನ ಜಾವ ಮೂರರವರೆಗೆ ಕೂತಿದ್ದರು. ಮುಂದಿನ ಸೋಮವಾರ ಬಾಗಿಲ ಮೇಲೆ ಮತ್ತೆ ಚೀಟಿ: ಮೂಲೆಯಲ್ಲಿ ಧೂಳು. ಹಾಗಾಗಿ ಮಗು ಹುಟ್ಟುವ ಮೊದಲೇ ಒಂದು ತಟ್ಟೆ ಸಿಹಿ ಹಿಡಿದು ಮೇಲೆ ಕೆಳಗೆ ಎಲ್ಲರ ಬಾಗಿಲಿಗೂ ಇಬ್ಬರೂ ಹೋಗಿ ಬನ್ನಿ.

ಬೇರೆ ಕೆಲಸ ನೋಡಲೇ ಎಂದು ಕೇಳಿದ್ದಕ್ಕೆ ಈಗಲೇ ಬೇಡ ಎನ್ನುತ್ತೇನೆ. ಮೊದಲು ಇದೇ ಕೆಲಸದಲ್ಲಿ ಚೌಕಾಸಿ ಮಾಡು. ಭಾನುವಾರ ಸಂಜೆ ಹೊರಡುವುದಿಲ್ಲ, ಒಮ್ಮೆಗೆ ಮೂರು ರಾತ್ರಿಗಿಂತ ಹೆಚ್ಚಿಲ್ಲ, ತಿಂಗಳ ಪಟ್ಟಿ ಮೊದಲೇ ಕೈಗೆ ಬೇಕು. ನಾನು ಕೇಳಲು ಎರಡು ವರ್ಷ ತೆಗೆದುಕೊಂಡೆ. ನಮ್ಮ ಮೇಲಧಿಕಾರಿ ಒಪ್ಪಲು ಎರಡು ನಿಮಿಷ ತೆಗೆದುಕೊಂಡರು. ಮಗುವಿನ ಜನನವನ್ನು ವರ್ಷದೊಳಗೆ ಮ್ಯೂನಿಕ್‌ನ ನಮ್ಮ ಕಾನ್ಸುಲೇಟ್‌ನಲ್ಲಿ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು, ಅದಕ್ಕೂ ಒಂದೆರಡು ದಿನ ಆ ಪಟ್ಟಿಯಲ್ಲಿ ಬಿಡು.

ಇಷ್ಟು ಉದ್ದದ ಪತ್ರದಲ್ಲಿ ನಿನ್ನ ಹೆಂಡತಿ ಏನು ಹೇಳುತ್ತಾಳೆಂದು ನೀನು ಒಂದು ಸಾಲೂ ಬರೆದಿಲ್ಲ. ನಾನು ನಿನ್ನ ಜಾಗದಲ್ಲಿದ್ದಾಗಲೂ ಬರೆಯುತ್ತಿರಲಿಲ್ಲ. ಈ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ, ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಏನೂ ತರಬೇಡಿ. ಅಷ್ಟರೊಳಗೆ ಹೆಬಾಮೆಯನ್ನು ಹುಡುಕಲು ಶುರು ಮಾಡಿರು. ಐದನೆಯ ತಿಂಗಳೆಂದರೆ ಇಲ್ಲಿ ಈಗಾಗಲೇ ತಡ. ಹಳೆಯ ನೋಟ್‌ಬುಕ್ ಅಟ್ಟದಿಂದ ಇಳಿಸಿಡುತ್ತೇನೆ. ನನ್ನವಳು ಅಡುಗೆಮನೆಯಲ್ಲಿ ನಿನ್ನ ಹೆಂಡತಿಗೆ ಹೇಳುವುದು ನಾನಿಲ್ಲಿ ಬರೆದದ್ದಕ್ಕಿಂತ ಬೇರೆಯಾಗಿದ್ದರೆ, ಅವಳು ಹೇಳಿದ್ದನ್ನೇ ನಂಬು.

ನಿನ್ನ ಅಣ್ಣ