ಹುಚ್ಚೆಳ್ಳು ಎಳ್ಳಿನ ಜಾತಿನಾ? ಎರಡರ ಎಣ್ಣೆಯೂ ಒಂದೇ ತರಾನಾ?

ಎರಡಕ್ಕೂ ಅಲ್ಲ ಅಂತಲೇ ಉತ್ತರ. ಹೆಸರಲ್ಲಿ ಎಳ್ಳು ಇದೆ, ಅಷ್ಟೇ. ಹುಚ್ಚೆಳ್ಳು, ಅಂದರೆ ಉತ್ತರ ಕರ್ನಾಟಕದ ಗುರೆಳ್ಳು, ಸೂರ್ಯಕಾಂತಿ ಮತ್ತು ಕುಸುಬೆಯ ಕುಟುಂಬದ್ದು. ಹೊಲದಲ್ಲಿ ಅದರ ಹಳದಿ ಹೂವನ್ನು ಹತ್ತಿರದಿಂದ ನೋಡಿ, ಪುಟ್ಟ ಸೂರ್ಯಕಾಂತಿಯೇ ಅನಿಸುತ್ತದೆ.

ಎಣ್ಣೆಯಲ್ಲೂ ಆ ನಂಟು ಕಾಣುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಎಂಬ ಕೊಬ್ಬಿನಾಮ್ಲ ಸುಮಾರು 60%, ಕುಸುಬೆಯಲ್ಲಿ 75%ರ ಹತ್ತಿರ. (ಒಲಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಜಾಸ್ತಿ ಇರುವ ತಳಿಗಳ ಲೆಕ್ಕವೇ ಬೇರೆ.) ಹುಚ್ಚೆಳ್ಳಿನಲ್ಲೂ ಲಿನೋಲಿಕ್ಕೇ ಜಾಸ್ತಿ, ಇಥಿಯೋಪಿಯಾದ ಬೀಜದಲ್ಲಿ 70% ದಾಟುತ್ತದೆ. ಎಳ್ಳೆಣ್ಣೆಯಲ್ಲಿ ಒಲಿಕ್, ಲಿನೋಲಿಕ್ ಎರಡೂ 40%ರ ಆಸುಪಾಸು, ಹೆಚ್ಚುಕಡಿಮೆ ಸಮ.

ಲಿನೋಲಿಕ್ ಜಾಸ್ತಿ ಇದ್ದಷ್ಟೂ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ. ಹಳೇ ಗುರೆಳ್ಳು ಪುಡಿಯ ಡಬ್ಬಿ ತೆಗೆದರೆ ಮುಗ್ಗಲು ವಾಸನೆ ಬರುತ್ತದಲ್ವಾ, ಅದು ಇದೇ. ಎಳ್ಳಿನಲ್ಲಿ ಸೆಸಮಿನ್, ಸೆಸಮೋಲಿನ್ ಎಂಬ ವಸ್ತುಗಳಿವೆ. ಹುರಿದಾಗ ಸೆಸಮೋಲಿನ್ ಒಡೆದು ಸೆಸಮೋಲ್ ಆಗುತ್ತದೆ, ಅದು ಎಣ್ಣೆಯನ್ನು ಕೆಡದಂತೆ ಕಾಪಾಡುತ್ತದೆ. ನನಗೆ ಇವೆಲ್ಲದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು. ಗುರೆಳ್ಳು ಪುಡಿಯನ್ನು ಮಾತ್ರ ಹದಿನೈದು ದಿನಕ್ಕೆ ಸಾಕಾಗುವಷ್ಟೇ ಮಾಡಿಕೊಳ್ಳಿ.