ಯಾಂಗೂನ್ ಉದ್ದು, ನ್ಯೂಯಾರ್ಕ್ ಅಡ್ಡಗಾಲು

ಪ್ರಶ್ನೆ: ವಾಶಿ ಎಪಿಎಂಸಿಯಲ್ಲಿ ಬೇಳೆಕಾಳು ಆಮದು ಮಾಡುವವರ ಬಳಿ ಲೆಕ್ಕ ಬರೆಯುತ್ತೇನೆ. ಮ್ಯಾನ್ಮಾರ್ ವಿಷಯದಲ್ಲಿ ಸಾರಿದ್ದ ರಾಷ್ಟ್ರೀಯ ತುರ್ತುಸ್ಥಿತಿಯನ್ನು ಅಮೆರಿಕ ಮತ್ತೊಂದು ವರ್ಷ ಮುಂದುವರಿಸಿದೆಯಂತೆ. ಅಲ್ಲಿಂದ ಉದ್ದು ತರಿಸುವ ನಮಗೆ ತೊಂದರೆಯೇ?
– ಓದುಗರೊಬ್ಬರು, ನವಿ ಮುಂಬಯಿ

ಉತ್ತರ: ಮುಂದುವರಿಸಿದ ಮಾತ್ರಕ್ಕೆ ಹೊಸ ನಿರ್ಬಂಧ ಬಂದಂತಲ್ಲ. 2021ರ ಫೆಬ್ರುವರಿ 1ರಂದು ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡಿತು. 10ರಂದು ಅಮೆರಿಕದ ಅಧ್ಯಕ್ಷರು 14014ನೇ ಆದೇಶ ಹೊರಡಿಸಿ ತುರ್ತುಸ್ಥಿತಿ ಸಾರಿದರು. ಅಲ್ಲಿನ 1976ರ ಕಾನೂನಿನಂತೆ ಇಂಥ ಘೋಷಣೆಗೆ ವರ್ಷದ ಆಯುಷ್ಯ ಮಾತ್ರ. ವರ್ಷ ತುಂಬುವ ಮುಂಚಿನ 90 ದಿನಗಳಲ್ಲಿ ಸಂಸತ್ತಿಗೆ ಸೂಚನೆ ಕಳಿಸಿ ಪ್ರಕಟಿಸದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ನೀವು ಓದಿದ್ದು ಆ ಸೂಚನೆಯ ಸುದ್ದಿ.

ಉದ್ದಿಗೆ ನಿಷೇಧವಿಲ್ಲ, ತೊಡಕಿರುವುದು ಹಣದ ದಾರಿಯಲ್ಲಿ. ಡಾಲರ್ ಪಾವತಿ ಸಾಮಾನ್ಯವಾಗಿ ನ್ಯೂಯಾರ್ಕ್‌ನ ಬ್ಯಾಂಕೊಂದನ್ನು ಹಾದು ಹೋಗುತ್ತದೆ. ಪಾವತಿಯಲ್ಲಿ ನಿರ್ಬಂಧಿತರ, ಅಂದರೆ ಆ ಆದೇಶದಡಿ ಅಮೆರಿಕ ವಹಿವಾಟು ನಿಷೇಧಿಸಿ ಪಟ್ಟಿ ಮಾಡಿದವರ, ಪಾಲಿದ್ದರೆ ಹಣ ನಿಮಗೆ ವಾಪಸೂ ಬರದೆ ಅಲ್ಲೇ ಜಪ್ತಾಗಬಹುದು. ಬಿಡಿಸಲು ಅಮೆರಿಕದ ಖಜಾನೆ ಇಲಾಖೆಯ ಒಫ್ಯಾಕ್ ಕಚೇರಿಯ ಪರವಾನಗಿ ಬೇಕು. ಅಷ್ಟರಲ್ಲಿ ಕಂಟೇನರ್ ನ್ಹಾವಾ ಶೇವಾ ಬಂದರಿನಲ್ಲಿ ಕೂತರೆ ಬಾಡಿಗೆ ಏರುತ್ತಲೇ ಇರುತ್ತದೆ.

ಆದ್ದರಿಂದ ಮಾರುವವರ ಹೆಸರು ನೋಡಿ ಸುಮ್ಮನಾಗಬೇಡಿ, ಅವರ ಬ್ಯಾಂಕ್ ಯಾವುದೆಂದು ಮೊದಲು ಕೇಳಿ. ಮ್ಯಾನ್ಮಾ ಫಾರಿನ್ ಟ್ರೇಡ್ ಬ್ಯಾಂಕ್, ಮ್ಯಾನ್ಮಾ ಇನ್ವೆಸ್ಟ್‌ಮೆಂಟ್ ಅಂಡ್ ಕಮರ್ಷಿಯಲ್ ಬ್ಯಾಂಕ್ ಎರಡೂ 2023ರ ಜೂನ್‌ನಲ್ಲಿ ಒಫ್ಯಾಕ್‌ನ ನಿರ್ಬಂಧಿತರ ಪಟ್ಟಿ ಸೇರಿದವು. ಸೇನೆಯ ಎಂಇಎಚ್‌ಎಲ್, ಎಂಇಸಿ ಕಂಪನಿಗಳು 2021ರ ಮಾರ್ಚ್‌ನಿಂದಲೇ ಇವೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಪಟ್ಟಿಯಲ್ಲಿರುವವರ ಪಾಲು ಒಟ್ಟು ಶೇ 50 ಮುಟ್ಟಿದರೆ ಆ ಕಂಪನಿಯೂ ನಿರ್ಬಂಧಿತವೇ: ಒಬ್ಬರದು 30, ಇನ್ನೊಬ್ಬರದು 20 ಇದ್ದರೂ ಸಾಕು. ಷೇರುದಾರರ ಪಟ್ಟಿ ಬರೆಸಿ, ಸಹಿ ಹಾಕಿಸಿ ತರಿಸಿಕೊಳ್ಳಿ. ಒಫ್ಯಾಕ್‌ನ ಹುಡುಕು ಪುಟದಲ್ಲಿ ಹೋಲಿಕೆಯ ಅಂಕ 100ರಲ್ಲೇ ಇದ್ದರೆ ಒಂದಕ್ಷರ ಬೇರೆಯಾದರೂ ಹೆಸರು ತಪ್ಪಿಸಿಕೊಳ್ಳುತ್ತದೆ, ಇಳಿಸಿ ಹುಡುಕಿ.

2024ರ ಜನವರಿಯಿಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಿಶೇಷ ವೋಸ್ಟ್ರೋ ಖಾತೆಯ (ವಿದೇಶಿ ಬ್ಯಾಂಕ್ ನಮ್ಮ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಮೂಲಕ ರೂಪಾಯಿಯಲ್ಲೇ ಪಾವತಿಗೆ ದಾರಿ ತೆರೆದಿದೆ. ನಮ್ಮ ಅಭಿಪ್ರಾಯದಲ್ಲಿ ಬೇಳೆಕಾಳಿನವರು ಮೊದಲು ಕೇಳಬೇಕಾದದ್ದು ಇದನ್ನೇ. ಹಾಗೆಂದು ಹೆಸರಿನ ತಪಾಸಣೆ ಬಿಡುವಂತಿಲ್ಲ. ನಿಮ್ಮ ಬ್ಯಾಂಕೂ ಕೇಳುತ್ತದೆ.

ಪ್ರಶ್ನೆ: ವರ್ಷಕ್ಕೊಮ್ಮೆ ಪಟ್ಟಿ ನೋಡಿದರೆ ಸಾಲದೇ?
– ಇನ್ನೊಬ್ಬ ಓದುಗರು, ಪುಣೆ

ಉತ್ತರ: ಸಾಲದು. ತುರ್ತುಸ್ಥಿತಿ ಜಾರಿಯಲ್ಲಿದ್ದಾಗಲೇ, 2025ರ ಜುಲೈಯಲ್ಲಿ, ಕೆಲವು ಹೆಸರುಗಳನ್ನು ತೆಗೆದರು. ಸೇರಿಸುವುದಕ್ಕೂ ಫೆಬ್ರುವರಿಗಾಗಿ ಕಾಯುವುದಿಲ್ಲ. ಒಪ್ಪಂದದ ದಿನ ಒಮ್ಮೆ, ಹಣ ಕಳಿಸುವ ದಿನ ಇನ್ನೊಮ್ಮೆ ನೋಡಿ, ದಿನಾಂಕ ಕಾಣುವಂತೆ ಪುಟದ ಪ್ರತಿ ತೆಗೆದು ಬಿಲ್ ಜೊತೆಗಿಡಿ.