ತಗ್ಗಿನ ಮನೆಗೆ ಇಂಟರ್ನೆಟ್: ಮೊದಲು ಸಿಗ್ನಲ್ ಹುಡುಕಿ, ರೌಟರ್ ಆಮೇಲೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಅಡಿಕೆ ತೋಟದ ಪಕ್ಕ, ತಗ್ಗಿನಲ್ಲಿದೆ. ಫೈಬರ್ ಲೈನ್ ನಮ್ಮ ಕಡೆ ಬಂದಿಲ್ಲ. ಮನೆಯೊಳಗೆ ಫೋನಿಗೆ ಒಂದು ಕಡ್ಡಿ ಬಂದರೆ ಜಾಸ್ತಿ. ಹಿಂದಿನ ದರೆ ಹತ್ತಿದರೆ 4ಜಿ ಚೆನ್ನಾಗಿ ಸಿಗುತ್ತದೆ. ಮಗಳಿಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ಕೆಲವು ತಿಂಗಳು ಊರಿನಿಂದಲೇ ಕೆಲಸ ಮಾಡುತ್ತೇನೆ ಎನ್ನುತ್ತಿದ್ದಾಳೆ. ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಹಾಕಿಸಬಹುದಾ? ಸಿಮ್ ಹಾಕುವ ರೌಟರ್ ಒಳ್ಳೆಯದಾ?

ಉತ್ತರ: ಬೂಸ್ಟರ್ ಖಂಡಿತ ಬೇಡ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಒಂದು ಕಡೆ ಇರಲಿ. ಅಗ್ಗದ ಬೂಸ್ಟರ್ ಸಿಗ್ನಲ್ ಜೊತೆಗೆ ಬೇಡದ ತರಂಗಗಳ ಗದ್ದಲವನ್ನೂ ಜೋರು ಮಾಡಿ ಟವರಿಗೆ ಕಳಿಸುತ್ತದೆ. ಆಗ ಅದೇ ಟವರನ್ನು ನಂಬಿದ ಸುತ್ತಲಿನ ಮನೆಗಳ ಫೋನ್ ಸಂಪರ್ಕವೂ ಕೆಡುತ್ತದೆ.

ಸಿಮ್ ರೌಟರ್ ಸರಿಯಾದ ದಾರಿ. ಆದರೆ ಅದನ್ನು ತಂದು ಟಿವಿ ಪಕ್ಕ ಇಟ್ಟರೆ ಏನೂ ಉಪಯೋಗವಿಲ್ಲ. ಮನೆಯೊಳಗೆ ಫೋನಿಗೆ ಸಿಗದ ಸಿಗ್ನಲ್ ರೌಟರಿಗೆ ಎಲ್ಲಿಂದ ಬರಬೇಕು? ನಿಮ್ಮ ದರೆಯ ಮೇಲೆ ಸಿಗ್ನಲ್ ಇದೆ. ಅದನ್ನು ಅಲ್ಲೇ ಹಿಡಿದು ತಂತಿಯಲ್ಲಿ ಮನೆಗೆ ಇಳಿಸಿಕೊಳ್ಳಬೇಕು.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಫೋನಿನ ಕಡ್ಡಿ ಲೆಕ್ಕ ನಂಬಬೇಡಿ. ಒಂದೊಂದು ಕಂಪನಿಯ ಫೋನ್ ಒಂದೊಂದು ರೀತಿ ಕಡ್ಡಿ ತೋರಿಸುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ನಿಜವಾದ ಅಂಕಿ ಸಿಗುತ್ತದೆ. ಇಲ್ಲದಿದ್ದರೆ ನೆಟ್‌ವರ್ಕ್ ಸೆಲ್ ಇನ್ಫೋ ತರಹದ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಆರ್‌ಎಸ್‌ಆರ್‌ಪಿ ಎಂಬ ಸಾಲು ಇರುತ್ತದೆ, ಸಿಗ್ನಲ್ ಎಷ್ಟು ಜೋರಾಗಿದೆ ಎಂದು ಅದು ಹೇಳುತ್ತದೆ. ಅದು ಮೈನಸ್ ಅಂಕಿ. ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 105 ಆದರೂ ಸುಧಾರಿಸಬಹುದು. ಮೈನಸ್ 115 ದಾಟಿದರೆ ಕಷ್ಟ. ಜೊತೆಗೆ ಎಸ್‌ಐಎನ್‌ಆರ್ ಎಂಬ ಅಂಕಿಯನ್ನೂ ನೋಡಿ. ಸಿಗ್ನಲ್ ಎಷ್ಟು ಶುದ್ಧವಾಗಿದೆ ಎಂದು ಅದು ಹೇಳುತ್ತದೆ. 10ಕ್ಕಿಂತ ಮೇಲಿದ್ದರೆ ಕೆಲಸಕ್ಕೆ ಸಾಕು. ಸೊನ್ನೆಯ ಹತ್ತಿರ ಇದ್ದರೆ ಕಡ್ಡಿ ತುಂಬ ಇದ್ದರೂ ವಿಡಿಯೊ ಮೀಟಿಂಗ್ ತಡವರಿಸುತ್ತದೆ.

ಅಕ್ಕಪಕ್ಕದವರ ಬೇರೆ ಬೇರೆ ಕಂಪನಿಯ ಸಿಮ್ ಕೇಳಿ ತಂದು, ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ ಹಾಕಿ ನೋಡಿ. ಪೇಟೆಯಲ್ಲಿ ಯಾವುದು ಜೋರು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಮಲೆನಾಡಿನ ತಗ್ಗಿನಲ್ಲಿ ಯಾವ ತರಂಗಾಂತರ ಎನ್ನುವುದೇ ಮುಖ್ಯ. 700, 850, 900 ಮೆಗಾಹರ್ಟ್ಸ್‌ನಂತಹ ಕೆಳಗಿನ ಬ್ಯಾಂಡ್‌ಗಳು ದೂರ ಹೋಗುತ್ತವೆ, ಮರಗಳ ನಡುವೆಯೂ ತೂರುತ್ತವೆ. 2300 ಮೆಗಾಹರ್ಟ್ಸ್ ಪೇಟೆಯಲ್ಲಿ ಒಳ್ಳೆಯ ವೇಗ ಕೊಡುತ್ತದೆ, ಆದರೆ ಒದ್ದೆ ಎಲೆಗಳ ಮುಂದೆ ಸೋಲುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಮಾಡಿದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಮಳೆ ಹಿಡಿದ ದಿನ ಮತ್ತೊಮ್ಮೆ ನೋಡಿ.

ಎತ್ತರ ಎಷ್ಟು ಬೇಕು ಎಂದು ತಿಳಿಯಲು ಅಡಿಕೆ ಕೊಯ್ಯುವ ದೋಟಿ ಸಾಕು. ಫೋನಿನ ಹಾಟ್‌ಸ್ಪಾಟ್ ಹಾಕಿ, ದೋಟಿಯ ತುದಿಗೆ ಕಟ್ಟಿ ಎತ್ತಿ. ಕೆಳಗೆ ಲ್ಯಾಪ್‌ಟಾಪಿನಲ್ಲಿ ವೇಗ ನೋಡಿ. ವಿದ್ಯುತ್ ತಂತಿಯ ಹತ್ತಿರ ಮಾತ್ರ ಇದನ್ನು ಮಾಡಲೇಬಾರದು. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ದೋಟಿಗಳಲ್ಲಿ ಕರೆಂಟ್ ಹರಿಯುತ್ತದೆ.

ಜಾಗ ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಹೊರಾಂಗಣದಲ್ಲಿ ಇಡುವಂತಹ 4ಜಿ ರೌಟರ್ ತೆಗೆದುಕೊಳ್ಳಿ. ಆಂಟೆನಾ, ಸಿಮ್ ಎಲ್ಲ ಅದರೊಳಗೇ ಇರುತ್ತದೆ. ದರೆಯ ಮೇಲೆ ಕಂಬ ನೆಟ್ಟು ಅದನ್ನು ಕೂರಿಸಿ. ಅಲ್ಲಿಂದ ಮನೆಗೆ ಒಂದೇ ಲ್ಯಾನ್ ಕೇಬಲ್ ಸಾಕು. ಅದರಲ್ಲೇ ಕರೆಂಟ್ ಮೇಲೆ ಹೋಗುತ್ತದೆ, ಇಂಟರ್ನೆಟ್ ಕೆಳಗೆ ಬರುತ್ತದೆ. ಇದಕ್ಕೆ ಪಿಒಇ ಎನ್ನುತ್ತಾರೆ. 100 ಮೀಟರ್ ತನಕ ತೊಂದರೆ ಇಲ್ಲ. ಮನೆಯೊಳಗೆ ಸಾಮಾನ್ಯ ವೈಫೈ ರೌಟರ್ ಸಿಕ್ಕಿಸಿ. ರೌಟರನ್ನು ಮನೆಯೊಳಗಿಟ್ಟು ಆಂಟೆನಾ ಮಾತ್ರ ಮೇಲಿಡಿ ಎಂದು ಕೆಲವರು ಹೇಳುತ್ತಾರೆ. ಆಂಟೆನಾ ಕೇಬಲ್ ಉದ್ದವಾದಷ್ಟೂ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. ನಿಮ್ಮಷ್ಟು ದೂರಕ್ಕೆ ಅದು ಬೇಡವೇ ಬೇಡ.

ಕೇಬಲನ್ನು ತೋಟದ ಕಪ್ಪು ಪೈಪಿನೊಳಗೆ ತೂರಿಸಿ ಮಣ್ಣಿನಲ್ಲಿ ಹೂಳಿಸಿ. ಬಿಸಿಲಿಗೆ ಸೀಳುವುದಿಲ್ಲ, ಮಂಗಗಳ ಕಾಟವೂ ಇಲ್ಲ. ಕಂಬಕ್ಕೆ ಅರ್ಥಿಂಗ್ ಮಾಡಿಸಲೇಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೇ ಗೊತ್ತಲ್ಲ. ಕೇಬಲಿಗೆ, ಕರೆಂಟಿನ ದಿಢೀರ್ ಏರಿಕೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಆಕಾಶ ಕಪ್ಪಾಗುತ್ತಿದ್ದಂತೆ, ಗುಡುಗು ಹತ್ತಿರ ಬರುವ ಮೊದಲೇ, ಮನೆಯ ಕಡೆಯ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ಸಿಡಿಲು ಶುರುವಾದ ಮೇಲೆ ಮುಟ್ಟಬೇಡಿ.

ಕರೆಂಟಿನ ವಿಷಯ ಮಗಳಿಗೆ ಮೊದಲೇ ಹೇಳಿಬಿಡಿ. ಇನ್ವರ್ಟರ್ ಇದ್ದರೆ ನಿಮ್ಮ ರೌಟರ್ ನಡೆಯುತ್ತದೆ. ಆದರೆ ಕರೆಂಟ್ ತುಂಬ ಹೊತ್ತು ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ನಿಮ್ಮ ಕೈಯಲ್ಲಿ ಏನೂ ಇಲ್ಲ. ಇನ್ನೊಂದು ಟವರಿನಿಂದ ಬರುವ ಬೇರೆ ಕಂಪನಿಯ ಸಿಮ್ ಒಂದನ್ನು ರೀಚಾರ್ಜ್ ಮಾಡಿಟ್ಟಿರುವುದು ಒಳ್ಳೆಯದು.

ಡೇಟಾ ಲೆಕ್ಕವನ್ನೂ ನೋಡಿ. ವಿಡಿಯೊ ಮೀಟಿಂಗಿಗೆ ಗಂಟೆಗೆ ಸುಮಾರು 1 ಜಿಬಿ ಬೇಕಾಗಬಹುದು. ದಿನಕ್ಕೆ 1.5 ಜಿಬಿಯ ಫೋನ್ ಪ್ಲಾನ್ ಮಧ್ಯಾಹ್ನದೊಳಗೆ ಖಾಲಿ. ಆಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ಮೀಟಿಂಗ್ ನಡೆಯುವುದಿಲ್ಲ. ಅನ್‌ಲಿಮಿಟೆಡ್ ಎಂದು ಬರೆದಿದ್ದರೆ, ಅದು ರೌಟರಿನಲ್ಲಿ ಹಾಕಿದರೂ ಅನ್ವಯಿಸುತ್ತದಾ ಎಂದು ಕೇಳಿಯೇ ತೆಗೆದುಕೊಳ್ಳಿ.

ಇದೆಲ್ಲ ಆದ ಮೇಲೆ ಮನೆಯವರೆಲ್ಲರ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಮಾತಾಡಲು ಅಂಗಳ ದಾಟಿ ಓಡುವ ಕೆಲಸ ತಪ್ಪುತ್ತದೆ. ವಯಸ್ಸಾದವರು ಇರುವ ಮನೆಗೆ ಇದು ಇಂಟರ್ನೆಟ್‌ಗಿಂತ ದೊಡ್ಡ ಉಪಕಾರ.

ಪ್ರಶ್ನೆ: ವಿಜಯಪುರ ಜಿಲ್ಲೆಯ ನಮ್ಮ ಊರಲ್ಲಿ ಮಾಳಿಗೆ ಮೇಲೆ ನಿಂತರೆ ಟವರ್ ಕಾಣುತ್ತದೆ. ಸಿಗ್ನಲ್ ಪೂರ್ತಿ ಇದೆ. ಆದರೂ ರಾತ್ರಿ ವಿಡಿಯೊ ತಿರುಗುತ್ತಲೇ ಇರುತ್ತದೆ. ದೊಡ್ಡ ಆಂಟೆನಾ ಹಾಕಿಸಲಾ?

ಉತ್ತರ: ಬೇಡ. ಬೆಳಗಿನ 5 ಗಂಟೆಗೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ, ಒಂದೇ ಜಾಗದಲ್ಲಿ ವೇಗ ನೋಡಿ. ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಬಿದ್ದರೆ, ಅದು ಟವರಿನ ಮೇಲಿನ ಜನಸಂದಣಿ. ಒಂದೇ ಕಾಲುವೆಯ ನೀರನ್ನು ಊರೆಲ್ಲ ಒಟ್ಟಿಗೆ ಹೊಲಕ್ಕೆ ತಿರುಗಿಸಿಕೊಂಡ ಹಾಗೆ. ರೌಟರಿನಲ್ಲಿ ಬ್ಯಾಂಡ್ ಆರಿಸುವ ಅವಕಾಶ ಇದ್ದರೆ 1800 ಅಥವಾ 2300ಕ್ಕೆ ಹಾಕಿ ನೋಡಿ. ಎಲ್ಲ ಫೋನುಗಳೂ ಕೆಳಗಿನ ಬ್ಯಾಂಡಿನಲ್ಲೇ ತುಂಬಿಕೊಂಡಿರಬಹುದು. ನಿಮ್ಮದು ಬಯಲು ಸೀಮೆ, ಟವರ್ ಹತ್ತಿರ, ಹಾಗಾಗಿ ಮೇಲಿನ ಬ್ಯಾಂಡ್ ಸಿಗುವ ಸಾಧ್ಯತೆ ಜಾಸ್ತಿ. ಟವರಿಗೆ 5ಜಿ ಬಂದಿದ್ದರೆ, 5ಜಿ ಮೂಲಕ ಮನೆಗೆ ವೈಫೈ ಕೊಡುವ ಏರ್‌ಫೈಬರ್ ಕೇಳಿ. ಭಾರತ್‌ನೆಟ್ ಎಂಬ ಸರ್ಕಾರಿ ಯೋಜನೆಯ ಫೈಬರ್ ನಿಮ್ಮ ಗ್ರಾಮ ಪಂಚಾಯಿತಿಗೆ ತಲುಪಿದೆಯಾ ಎಂದೂ ವಿಚಾರಿಸಿ. ತಲುಪಿದ್ದು ಚಾಲೂ ಇದ್ದರೆ ಅಲ್ಲಿಂದ ಮನೆಗೆ ಲೈನ್ ಕೊಡುತ್ತಾರಾ ಎಂದು ಪಟ್ಟು ಹಿಡಿದು ಕೇಳಿ. ಮನೆಯಲ್ಲೇ ಕೂರುವ ಸಂಪರ್ಕಕ್ಕೆ ಫೈಬರ್ ಇದ್ದರೆ ಮೊಬೈಲ್ ನೆಟ್‌ವರ್ಕ್ ಎರಡನೇ ಆಯ್ಕೆಯೇ.

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳಕ್ಕೆ ಸಿಮ್ ರೌಟರ್ ಜೊತೆ ಹಳೆಯ ಸಿಸಿಟಿವಿ ಹಾಕಿದ್ದೇವೆ. ಮನೆಯಲ್ಲಿ ಕಾಣುತ್ತದೆ, ಹೊರಗೆ ಹೋದರೆ ಕಾಣುವುದಿಲ್ಲ. ಯಾಕೆ?

ಉತ್ತರ: ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಹೊರಗಿನ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ಮನೆ ನಂಬರ್ ಇದ್ದ ಹಾಗೆ) ಬಹಳ ಜನರಿಗೆ ಹಂಚುತ್ತವೆ. ಹಾಗಾಗಿ ಹೊರಗಿನಿಂದ ನಿಮ್ಮ ಕ್ಯಾಮೆರಾಕ್ಕೆ ನೇರ ದಾರಿ ಇರುವುದಿಲ್ಲ. ರೌಟರಿನಲ್ಲಿ ಆ ದಾರಿ ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಿಮ್ಮ ಡಿವಿಆರ್‌ನಲ್ಲಿ (ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ) ಪಿ2ಪಿ ಅಥವಾ ಕ್ಲೌಡ್ ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ, ಕಂಪನಿಯ ಆ್ಯಪಿನಲ್ಲಿ ನೋಡಿ. ರೆಕಾರ್ಡಿಂಗ್ ಅಲ್ಲೇ ಹಾರ್ಡ್ ಡಿಸ್ಕಿನಲ್ಲಿರಲಿ. ಫೋನಿನಲ್ಲಿ ನೋಡುವಾಗ ಕಡಿಮೆ ಗುಣಮಟ್ಟದ ಚಿತ್ರ ಆರಿಸಿಕೊಳ್ಳಿ, ಡೇಟಾ ಉಳಿಯುತ್ತದೆ.